ಆರರ ನಂತರ ಎಂಟು

ಕುದುರೆಯಿಂದ ಇಳಿಯುವಾಗ ಮೊದಲು ನೆಲಕ್ಕೆ ಬಿದ್ದದ್ದು
ನಾನಲ್ಲ, ನನ್ನ ಕಡತ.
ಮಕ್ಕಳು ಗೊಳ್ಳೆಂದರು. ಒಬ್ಬಳು ಓಡಿಬಂದು ಹಾಳೆ ಹೆಕ್ಕಿದಳು,
ತಲೆಕೆಳಗೆ ಹಿಡಿದೇ ಕೂಡಿಸಿ ಕೂಡಿಸಿ ಓದಿದಳು:
ಪಠ್ಯಕ್ರಮ ಪಾಲನೆ. ಹೌದು. ಇಲ್ಲ.

ಮೊಖೊಟ್ಲಾಂಗಿನಿಂದ ಒಂದೂವರೆ ದಿನದ ಏರು.
ಸೆಪ್ಟೆಂಬರಿನ ಗಾಳಿ ಕಂಬಳಿಯೊಳಗೂ ಕೈಹಾಕುತ್ತದೆ.
ಬಂಡೆಯ ಮರೆಯಲ್ಲಿ ಕೊಳೆತ ಹಿಮ ಇನ್ನೂ ಇತ್ತು,
ಶಾಲೆಯ ಮಗ್ಗುಲಲ್ಲಿ ಒಂದೇ ಪೀಚ್ ಮರ
ಎಲೆ ಬರುವ ಮೊದಲೇ ಹೂ ಬಿಟ್ಟು ನಿಂತಿತ್ತು,
ಯಾವ ವೇಳಾಪಟ್ಟಿ ನೋಡಿತ್ತೋ.

ಲೆಬೂಸಾ ಮೇಷ್ಟ್ರು ಹತ್ತೊಂಬತ್ತು ವರ್ಷದಿಂದ ಇಲ್ಲೇ.
ಒಂದೊಂದು ಮಗುವಿನ ಕುಲದ ಹೊಗಳಿಕೆಯೂ ಬಾಯಿಪಾಠ:
ಮೊಸಳೆಯವರ ಹುಡುಗಿ ಎದ್ದು ನಿಂತರೆ ಮೊಸಳೆಯ ಪದ,
ಸಿಂಹದವರ ಹುಡುಗ ಎದ್ದರೆ ಸಿಂಹದ್ದು.
ಹೆಸರಲ್ಲ, ವಂಶವನ್ನೇ ಕೂಗಿ ಹಾಜರಿ ಹಾಕುವ ಮನುಷ್ಯ.
ಇಂಥವರನ್ನು ತಪಾಸಣೆ ಮಾಡಲು ನಾಚಿಕೆಯಾಗುತ್ತದೆ.

ಆದರೂ ನೋಟ್‌ಬುಕ್ಕು ಕೇಳಿದೆ. ಅದು ನನ್ನ ಕೆಲಸ.
ಐದನೇ ಕ್ಲಾಸು, ಗಣಿತ, ಇಪ್ಪತ್ತಮೂರು ಪುಸ್ತಕ.
ಆರನೆಯ ಪಾಠ ಮುಗಿದಲ್ಲಿ ಎಂಟು ಶುರು.
ಇನ್ನೊಂದು ತೆರೆದೆ. ಆರು, ಎಂಟು.
ಕಪಾಟಿನ ಧೂಳು ಕೊಡವಿ ಹಳೆಯ ವರ್ಷಗಳನ್ನು ತೆಗೆದೆ,
ಇಲಿ ಕಡಿದ ಅಂಚುಗಳು, ಆರು, ಎಂಟು.
ಮೇಷ್ಟ್ರ ದಿನಚರಿಯಲ್ಲಿ ಮಾತ್ರ ದುಂಡು ಅಕ್ಷರ:
ಏಳು, ಭಿನ್ನರಾಶಿ, ಮುಗಿಯಿತು.

"ಆ ವರ್ಷ ಹಿಮ ಜಾಸ್ತಿ" ಎಂದರು.
ಯಾವ ವರ್ಷ ಎಂದು ನಾನು ಕೇಳಲಿಲ್ಲ.
ಕಿಟಕಿಯಾಚೆ ಯಾರೋ ಆಡನ್ನು ಬೈಯುತ್ತಿದ್ದರು.
ಸೀಮೆಸುಣ್ಣ ಬೆರಳಲ್ಲಿ ಪುಡಿಯಾಗುತ್ತ ಹೋಯಿತು.
"ನನಗೇ ಬರುವುದಿಲ್ಲ, ಮ್ಮೆ.
ನನ್ನ ಐದನೇ ಕ್ಲಾಸಿನ ಆ ತಿಂಗಳುಗಳಲ್ಲಿ ನಾನು ಬೆಟ್ಟದ ಮೇಲಿದ್ದೆ,
ಚಿಕ್ಕಪ್ಪನ ಕುರಿಗಳ ಜೊತೆ.
ಆಮೇಲೆ ಕೇಳಲು ನಾಚಿಕೆ, ಕಾಲೇಜಿನಲ್ಲಿ ಇನ್ನೂ ನಾಚಿಕೆ,
ಈ ಕುರ್ಚಿಯಲ್ಲಿ ಕೂತ ಮೇಲೆ ಕೇಳುವುದು ಯಾರನ್ನು?"

ಆಗ ನೆನಪಾದ, ಹಿಂದಿನ ರಾತ್ರಿ ನಾನು ತಂಗಿದ್ದ
ಉಣ್ಣೆ ಕತ್ತರಿಸುವ ಶೆಡ್ಡಿನ ಪಿಟ್ಸೊ.
ಮೂವರು ಅಣ್ಣತಮ್ಮಂದಿರು, ಎಲ್ಲರ ಮೊಹೇರೂ ಒಂದೇ ಮೂಟೆ.
ವ್ಯಾಪಾರಿ ಕೊಟ್ಟ ಚೀಟಿಯನ್ನು ದೀಪಕ್ಕೆ ಹಿಡಿದು
ತನ್ನ ಪಾಲನ್ನು ನನಗೆ ಓದಿ ತೋರಿಸಿದ್ದ ಹೆಮ್ಮೆಯಿಂದ:
"ಮೂವತ್ತೆಂಟು!"
ಮೂರು, ಗೆರೆ, ಎಂಟು.
ಆ ಗೆರೆ ಅವನಿಗೆ ಕಾಗದದ ಮಡಿಕೆ.
"ಲೆಬೂಸಾ ಮೇಷ್ಟ್ರ ಶಿಷ್ಯ ನಾನು" ಎಂದಿದ್ದ,
"ಓದು ನಮಗೆ ಯಾರೂ ಹೇಳಿಕೊಡಬೇಕಿಲ್ಲ."

ಇದನ್ನು ಮೇಷ್ಟ್ರಿಗೆ ಹೇಳಿದೆ. ಹೇಳಬಾರದಿತ್ತೇನೋ.

ರಾತ್ರಿ ನನ್ನ ಗುಡಿಸಲ ಬಾಗಿಲು ಸದ್ದಾಯಿತು.
ತಡವಾಗಿ ಬಂದ ಹುಡುಗನ ಹಾಗೆ ಹೊಸ್ತಿಲಾಚೆಯೇ ನಿಂತಿದ್ದರು,
ಕಂಕುಳಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು.
ಕೆಳಗಿನದು ಛೇದ, ಮೇಲಿನದು ಅಂಶ, ಎಂದೆ.
ಛೇದ ಬೇರೆಯಾದರೆ ಸಮ ಮಾಡದೆ ಕೂಡಬಾರದು, ಎಂದೆ.
"ಯಾಕೆ?"
ಬಾಯಿ ತೆರೆದೆ. ನಿಯಮ ಬಂತು.
ಮತ್ತೆ ತೆರೆದೆ. ಮತ್ತೆ ಅದೇ ನಿಯಮ.
ಹದಿನಾಲ್ಕು ವರ್ಷ ಶಾಲೆಗಳನ್ನು ತೂಗಿದವಳು
ಸೀಮೆಎಣ್ಣೆ ದೀಪದ ಬತ್ತಿ ಸರಿಮಾಡುತ್ತ ಕೂತೆ.

ಅವರೇ ಬಹಳ ಹೊತ್ತಿನ ಮೇಲೆ,
"ಎರಡು ಆಡು, ಮೂರು ಕುರಿ. ಒಟ್ಟು ಐದು ಏನು?
ಆಡೆಂದರೆ ಸುಳ್ಳು, ಕುರಿಯೆಂದರೂ ಸುಳ್ಳು.
ಮೊದಲು ಎರಡಕ್ಕೂ ಒಂದೇ ಹೆಸರಿಡಬೇಕು,
ಆಮೇಲೆ ದೊಡ್ಡಿಗೆ ಹೊಡೆಯಬೇಕು. ಅಷ್ಟೇ ಅಲ್ಲವೆ, ಮ್ಮೆ?"

ಅಷ್ಟೇ.

ಬೆಳಿಗ್ಗೆ ನಮೂನೆ ತುಂಬಿದೆ.
ಹೌದು, ಇಲ್ಲ, ಎರಡೇ ಚೌಕ; ಅರ್ಧಕ್ಕೆ ಜಾಗವಿಲ್ಲ.
ಇಲ್ಲ ಎಂಬಲ್ಲಿ ಗುರುತು ಹಾಕಿದೆ, ಒತ್ತಿಯೇ ಹಾಕಿದೆ.
ಅವರು ನೋಡಿದರು, ಸಹಿ ಮಾಡಿದರು, ಜೀನು ಬಿಗಿದುಕೊಟ್ಟರು.
ಒಳಗೆ ಕಪ್ಪುಹಲಗೆಯ ನೆತ್ತಿಯಲ್ಲಿ ಆಗಲೇ ಬರೆದಿತ್ತು: ಏಳು.

ಇಳಿಯುವ ದಾರಿಯಲ್ಲಿ ಶೆಡ್ಡು ಸಿಗುತ್ತದೆ, ಬೇರೆ ದಾರಿಯಿಲ್ಲ.
ಪಿಟ್ಸೊ ದೂರದಿಂದಲೇ ಟೋಪಿ ಎತ್ತಿ ಬೀಸಿದ,
ಇನ್ನೊಂದು ಕೈಯಲ್ಲಿ ಅದೇ ಚೀಟಿ.